ಪ್ರಶ್ನೆ ಬರೆದವಳು

ಹೊಗಳಿಕೆಗೆ ಉಬ್ಬುವ ಹೆಂಗಸು ನಾನಲ್ಲ ಅಂತ ಇಷ್ಟು ವರ್ಷ ಜಂಬ ಕೊಚ್ಚಿಕೊಂಡಿದ್ದೆ. ಮೈದುನ ಬಂದು, "ಅತ್ತಿಗೆ, ವೆಬ್ ಅನಲಿಟಿಕ್ಸ್ ಮಾಡೋರಿಗೆ ನಮ್ಮ ಸಂಸ್ಥೆಯಿಂದ ಸರ್ಟಿಫಿಕೇಟ್ ಪರೀಕ್ಷೆ ತಯಾರು ಮಾಡ್ತಿದ್ದೀವಿ. ಪ್ರಶ್ನೆ ಬರೆಯೋಕೆ ನಿಮ್ಮಂಥ ಪರಿಣತರೇ ಬೇಕು" ಅಂದದ್ದೇ ತಡ, ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಜಾಲತಾಣಕ್ಕೆ ಬಂದವರು ಎಲ್ಲಿ ನಿಂತರು, ಏನು ನೋಡಿ ಕಾಲ್ಕಿತ್ತರು ಎಂದು ಹೇಳುವುದು ನನ್ನ ಹೊಟ್ಟೆಪಾಡು. ಪರಿಣತೆ ಎಂದು ಅಲ್ಲಿಯವರೆಗೆ ಯಾರೂ ಕರೆದಿರಲಿಲ್ಲ. ಮನೆಯಲ್ಲಂತೂ 'ಗ್ರಾಫ್ ನೋಡ್ತಾ ಕೂತಿರೋಳು' ಅನ್ನುವುದೇ ಬಿರುದು.

ಅವನ ಸಂಸ್ಥೆಯಲ್ಲಿ ಕಿಟಕಿಯಿಲ್ಲದ ಕೋಣೆ, ಬಾಗಿಲಾಚೆ ಮೊಬೈಲುಗಳನ್ನಿಡಲು ಒಂದು ಬುಟ್ಟಿ. ಒಳಗೆ ನಾವು ಕೆಲವರು ವಾರಗಟ್ಟಲೆ ಕಿತ್ತಾಡಿದೆವು. ಸರಿಯುತ್ತರ ಬರೆಯುವುದು ಸುಲಭ. ಅರೆಬರೆ ಗೊತ್ತಿದ್ದವರು ನಂಬುವಂಥ ಮೂರು ತಪ್ಪುತ್ತರ ಹುಟ್ಟಿಸುವಷ್ಟರಲ್ಲಿ ಸಾಕುಬೇಕಾಗುತ್ತಿತ್ತು. ಮೊದಲ ದಿನವೇ ಸಹಿ ಹಾಕಿಸಿಕೊಂಡಿದ್ದರು: ಪ್ರಶ್ನೆ ಬರೆದವಳು ನಾನು ಎಂದು ಹೇಳಿಕೊಳ್ಳುವಂತಿಲ್ಲ, ಪರೀಕ್ಷೆಗೆ ಓದುವ ಯಾರಿಗೂ ಪಾಠ ಹೇಳುವಂತಿಲ್ಲ, ಮೂರು ವರ್ಷ ನಾನೂ ಪರೀಕ್ಷೆಗೆ ಕೂರುವಂತಿಲ್ಲ. "ಈ ವಯಸ್ಸಿಗೆ ನಾನ್ಯಾಕಪ್ಪಾ ಪರೀಕ್ಷೆ ಬರೀಲಿ!" ಎಂದು ನಗುತ್ತಾ ಗೀಚಿದ್ದೆ. ಹಾಳಾದ ನಗು.

ಪರೀಕ್ಷೆಗೆ ಒಳ್ಳೆಯ ಹೆಸರು ಬಂತು. ಅದೇ ಹೊತ್ತಿಗೆ ನಮ್ಮ ಆಫೀಸಿನಲ್ಲಿ ತಂಡದ ಮುಖ್ಯಸ್ಥರ ಜಾಗ ಖಾಲಿಯಾಯಿತು. ವರ್ಷಗಳಿಂದ ನಾನು ಕಾದು ಕೂತಿದ್ದ ಜಾಗ, ನನಗೇ ಎಂದು ಎಲ್ಲರೂ ಹೇಳುತ್ತಿದ್ದ ಜಾಗ.

"ಈಗ ಸರ್ಟಿಫಿಕೇಟ್ ಇದ್ದೋರಿಗೇ ಕೊಡ್ಬೇಕಂತ ಮೇಲಿಂದ ಬಂದಿದೆ" ಎಂದರು ಮ್ಯಾನೇಜರ್. "ನಿಮಗೇನು ಬಿಡಿ, ಕಣ್ಣು ಮುಚ್ಕೊಂಡು ಪಾಸಾಗ್ತೀರಿ."

"ನಾನು ಬರೆಯಲ್ಲ ಸಾರ್."

"ಯಾಕ್ರೀ?"

ಏನು ಹೇಳಲಿ? ಸಹಿ ಹಾಕಿ ಬಾಯಿ ಕಟ್ಟಿಸಿಕೊಂಡಿದ್ದೆನಲ್ಲ; ಕೆಲಸವಿದೆ ಎಂದು ಎದ್ದು ಬಂದೆ. ಹೆದರಿಕೊಂಡಿದ್ದಾಳೆ ಎಂದು ಆಫೀಸಿನಲ್ಲಿ ಗುಸುಗುಸು ಎದ್ದಿತು. ಮೈದುನನ ಹತ್ತಿರ ಹೋಗಿ, ನನಗೂ ಪರೀಕ್ಷೆ ಬರೆಯಲು ಬಿಡು ಎಂದು ಅಂಗಲಾಚಿದೆ. ಅವನು ತಲೆ ತಗ್ಗಿಸಿ, "ನಿಮಗೊಬ್ಬರಿಗೆ ಬಿಟ್ಟುಬಿಟ್ರೆ ಆ ಪರೀಕ್ಷೆಗೆ ಏನು ಬೆಲೆ ಅತ್ತಿಗೆ?" ಎಂದ. ಸರಿಯಾಗಿಯೇ ಹೇಳಿದ್ದ. ಅದಕ್ಕೇ ಇನ್ನಷ್ಟು ಉರಿಯಿತು.

ನಮ್ಮ ತಂಡದಲ್ಲಿ ಒಬ್ಬಳು ಹುಡುಗಿ, ಚೂಟಿ ಅಂತಲೇ ಕರೆಯುತ್ತೇವೆ. ಕೆಲಸ ಕಲಿಸಿದವಳು ನಾನೇ. ಪರೀಕ್ಷೆಗೆ ಓದುತ್ತಿದ್ದವಳು ಒಂದು ಮಧ್ಯಾಹ್ನ ಕೇಳಿದಳು, "ಅಕ್ಕಾ, ಫೋನ್ ನಂಬರ್ ಇರೋ ಪುಟಕ್ಕೆ ಬಂದೋರು ತಕ್ಷಣ ಹೊರಟೋಗ್ತಾರಲ್ಲ, ಹಾಗಾದ್ರೆ ಆ ಪುಟ ಸರಿಯಿಲ್ಲ ಅಂತಾನಾ?"

ಅಯ್ಯೋ, ನಾನು ಬರೆದ ಪ್ರಶ್ನೆ! ನಂಬರ್ ಸಿಕ್ಕಿತು, ಹೋದರು; ಪುಟ ತನ್ನ ಕೆಲಸ ಮಾಡಿತು. ಉತ್ತರ ನಾಲಿಗೆಯ ತುದಿಯಲ್ಲಿತ್ತು.

"ಗೊತ್ತಿಲ್ಲಮ್ಮ" ಎಂದೆ.

ಪಕ್ಕದಲ್ಲಿದ್ದ ಮ್ಯಾನೇಜರ್ ತಲೆಯೆತ್ತಿ ನನ್ನನ್ನೇ ನೋಡಿದರು. ಆ ನೋಟದಲ್ಲೇ ನನ್ನ ಜಾಗ ಹೋಯಿತು ಎಂದು ಗೊತ್ತಾಯಿತು. ಮನೆಗೆ ಹೋಗಿ ಬಚ್ಚಲ ಬಾಗಿಲು ಹಾಕಿಕೊಂಡು ಅತ್ತೆ. ಪರಿಣತೆಯಂತೆ, ಪರಿಣತೆ!

ಚೂಟಿ ಪಾಸಾದಳು, ಜಾಗ ಅವಳದ್ದಾಯಿತು. ಅಧಿಕಾರ ವಹಿಸಿಕೊಂಡ ದಿನ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಬೇರೆಯವರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದಳು.

"ಅಕ್ಕಾ, ಹೆದರ್ಕೋಬೇಡಿ. ಮುಂದಿನ ಸಲ ನೀವೂ ಬರೀರಿ. ನಾನು ಹೇಳ್ಕೊಡ್ತೀನಿ."

ಮುಖದಲ್ಲಿ ಕುಹಕದ ಸುಳಿವೂ ಇರಲಿಲ್ಲ. ಇದ್ದಿದ್ದರೆ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ.

"ಆಗ್ಲಮ್ಮ" ಎಂದೆ.

ಅವಳು ನನ್ನ ಕಂಪ್ಯೂಟರಿನಲ್ಲೇ ಮೊದಲ ಪಾಠ ತೆರೆದು, ನನಗೆ ಅರ್ಥವಾಗಲಿ ಎಂದು ನಿಧಾನವಾಗಿ ಶುರು ಮಾಡಿದಳು.