ಸೈಕಲ್ಲಿಗೆ ಕಟ್ಟಿದ ಹುರುಪು

ನಾನು ಒಂದು ರಟ್ಟಿನ ಚೀಟಿ. ಅಂಗೈಯಗಲ ಇದ್ದೇನೆ. ನನ್ನ ಮುಂಬದಿಯಲ್ಲಿ ಇರುವುದು ಒಂದೇ ಪದ: ಹುರುಪು.

ಮೊದಲು ನಾನು ಸೀರೆ ಡಬ್ಬದ ಮುಚ್ಚಳವಾಗಿದ್ದೆ. ಇಂದುಮತಿ ಮೇಡಂ ಎಂಬ ಟೀಚರು ಒಂದು ಮಧ್ಯಾಹ್ನ ಕತ್ತರಿ ಹಿಡಿದು ಆ ಮುಚ್ಚಳವನ್ನು ಹನ್ನೆರಡು ತುಂಡು ಮಾಡಿದರು. ಕತ್ತರಿ ಮೈಗೆ ತಾಕಿದಾಗಿನ ಗಾಬರಿಯೇ ನನ್ನ ಮೊದಲ ನೆನಪು. ಅಷ್ಟಕ್ಕೇ ಬೆಚ್ಚಿಬಿದ್ದವಳು ನಾನು. ಮುಂದೆ ಏನೇನು ಕೇಳಬೇಕಾಗಿದೆ ಎಂಬುದು ಆಗ ನನಗೇನು ಗೊತ್ತಿತ್ತು.

ನಾನು ಹುಟ್ಟಿದ್ದು ರೇಷ್ಮೆಗೂಡಿನ ಮಾರುಕಟ್ಟೆ ಇರುವ ಒಂದು ಊರಿನಲ್ಲಿ, ಸಮುದಾಯ ಭವನದಲ್ಲಿ. ಗೂಡು ಬೇಯಿಸಿ ನೂಲು ತೆಗೆಯುವ ಹೆಂಗಸರು ಮೂರು ಗಂಟೆಗೆ ಕೆಲಸ ಬಿಟ್ಟು ಅಲ್ಲಿಗೆ ಅಕ್ಷರ ಕಲಿಯಲು ಬರುತ್ತಿದ್ದರು. ಬೆಳಗಿನಿಂದ ಬಿಸಿನೀರಲ್ಲಿ ಅದ್ದಿದ ಬೆರಳುಗಳು ಉಬ್ಬಿ ಬೆಳ್ಳಗಾಗಿರುತ್ತಿದ್ದವು. ಆ ಬೆರಳಿಗೆ ಪೆನ್ನು ನಿಲ್ಲುವುದೇ ಕಷ್ಟ. ಆದರೂ ಅವರು ಕಲಿಯುವ ರೀತಿ ಚೆನ್ನಾಗಿತ್ತು. ಕಲಿತ ಪದವನ್ನು ರಟ್ಟಿನ ಮೇಲೆ ಬರೆಯುವುದು, ಅದಕ್ಕೆ ತೂತು ಮಾಡಿ ಮಿಕ್ಕಿದ ರೇಷ್ಮೆ ನೂಲು ಪೋಣಿಸುವುದು, ಮನೆಗೆ ಹೋಗಿ ಆ ವಸ್ತುವಿಗೇ ಕಟ್ಟುವುದು. ಬಾಗಿಲಿಗೆ 'ಬಾಗಿಲು', ಕೊಡಕ್ಕೆ 'ಕೊಡ', ಮೊರಕ್ಕೆ 'ಮೊರ'. ಚೀಟಿ ಬೆರೆತುಹೋಗಬಾರದೆಂದು ಹಿಂಬದಿಯಲ್ಲಿ ತಮ್ಮ ಹೆಸರು ಬರೆದುಕೊಳ್ಳುತ್ತಿದ್ದರು.

ಅವತ್ತು ಮೇಡಂ ಹಲಗೆಯ ಮೇಲೆ ಬೇರೆ ಜಾತಿಯ ಪದಗಳನ್ನು ಬರೆದರು. ಹಿಗ್ಗು, ಸಡಗರ, ಕಾತರ, ಪುಳಕ, ಸಂಭ್ರಮ, ಹುರುಪು.

"ಹಬ್ಬದ ಹಿಂದಿನ ದಿನ ಮನೆ ತುಂಬ ಓಡಾಡ್ತೀರಲ್ಲ, ಅದು ಸಡಗರ," ಎಂದರು. "ಬಸ್ಸು ಬರೋ ದಾರೀನೇ ನೋಡ್ತಾ ನಿಂತಿರ್ತೀರಲ್ಲ, ಅದು ಕಾತರ. ಯಾರೂ ಹೇಳದೆ ಇದ್ರೂ ಮೈ ತಾನಾಗೇ ಕೆಲಸಕ್ಕೆ ಏಳತ್ತಲ್ಲ, ಅದು ಹುರುಪು."

ಮುಂದೆ ಕೂತಿದ್ದ ಜೈಬುನ್ ಕೇಳಿದಳು, "ಅದ್ಸರಿ ಮೇಡಂ, ಇದ್ನ ಯಾವುದಕ್ಕೆ ಕಟ್ಟೋದು? ಕೊಡ, ಮೊರ ಆದ್ರೆ ಕಣ್ಣಿಗೆ ಕಾಣ್ತವೆ."

ಮೇಡಂ ಇದನ್ನು ಯೋಚಿಸಿರಲಿಲ್ಲ. ನಕ್ಕುಬಿಟ್ಟರು. "ನಿಮ್ಮನೇಲಿ ಎಲ್ಲಿ ಕಾಣತ್ತೋ ಅಲ್ಲಿಗೆ ಕಟ್ಟಿ. ಮುಂದಿನ ಬುಧವಾರ ಬಂದು ಹೇಳಿ."

"ನಮ್ಮನೇಲಿ ಹುರುಪಿರೋದು ನಮ್ಮತ್ತೆ ನಾಲ್ಗೇಲಿ," ಎಂದಿತು ಹಿಂದಿನ ಸಾಲಿನ ಒಂದು ದನಿ. ಭವನವೆಲ್ಲ ನಕ್ಕಿತು.

ನನ್ನನ್ನು ಬರೆದವಳು ಮಾತ್ರ ನಗಲಿಲ್ಲ. ಅವಳು ಚೆನ್ನಾಜಮ್ಮ. ವಯಸ್ಸು ಐವತ್ತರ ಹತ್ತಿರ. ಮೇಡಂ ತಮಾಷೆಗೆ ಹೇಳಿದ್ದನ್ನು ಅವಳು ಪಾಠವೆಂದೇ ತಿಳಿದಳು. ನನ್ನನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮನೆಗೆ ಹೋದಳು.

ಆ ಮನೆ ನೋಡಿ ನಾನು ದಂಗಾದೆ. ಇದ್ದವರು ಇಬ್ಬರು, ಅವಳು ಮತ್ತು ಅವಳ ಗಂಡ ಬೋರಲಿಂಗಯ್ಯ. ಇಬ್ಬರ ನಡುವೆ ಮಾತೇ ಕಡಿಮೆ. ಚೆನ್ನಾಜಮ್ಮ ನನ್ನನ್ನು ಒಲೆಯ ಹತ್ತಿರ ಹಿಡಿದು ನೋಡಿದಳು. ಟೀವಿಯ ಹತ್ತಿರ, ಮಂಚದ ಹತ್ತಿರ ಹಿಡಿದಳು. ಎಲ್ಲಿಯೂ ಕಟ್ಟಲಿಲ್ಲ. ಹೆಸರಿದ್ದೂ ನನಗೆ ಆ ಮನೆಯಲ್ಲಿ ಜಾಗವಿರಲಿಲ್ಲ.

ಕಾರಣ ಶುಕ್ರವಾರ ತಿಳಿಯಿತು. ಗಂಡನಿಗೆ ಮುದ್ದೆ ಬಡಿಸುತ್ತ ಅವಳು ಮೆಲ್ಲಗೆ ಕೇಳಿದಳು, "ಕೋಮಲನ ಇಸ್ಯ ಏನಾರ ಕಿವಿಗ್ ಬಿತ್ತಾ?"

ಕೋಮಲ ಅವರ ಒಬ್ಬಳೇ ಮಗಳು. ಮೂರು ವರ್ಷದ ಕೆಳಗೆ ಬೇರೆ ಜಾತಿಯ ಹುಡುಗನನ್ನು ಕಟ್ಟಿಕೊಂಡು ಹೋಗಿದ್ದಳು. ನಮ್ಮ ಪಾಲಿಗೆ ಅವಳಿಲ್ಲ ಎಂದು ಬೋರಲಿಂಗಯ್ಯ ನೆಂಟರೆಲ್ಲರ ಮುಂದೆ ಹೇಳಿದ್ದ. ಎಲ್ಲಿದ್ದಾಳೆ, ಹೇಗಿದ್ದಾಳೆ ಎಂಬುದು ತಾಯಿಗೆ ತಿಳಿಯದು.

ಅವನು ತಟ್ಟೆ ತಳ್ಳಿದ. "ಆ ಹೆಸ್ರು ಈ ಮನೇಲಿ ಎತ್ತಬ್ಯಾಡ ಅಂತ ಎಷ್ಟ್ ಸಲ ಹೇಳಾದು? ಸತ್ತೋದ್ಲು ಅಂದ್ಮೇಲೆ ಸತ್ತೋದ್ಲು."

ಸೆರಗಿನ ಗಂಟಿನೊಳಗಿಂದ ನಾನು ಎಲ್ಲವನ್ನೂ ಕೇಳಿದೆ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಭಾನುವಾರ ಬೆಳಿಗ್ಗೆ ಮಾತ್ರ ಆ ಮನೆಯಲ್ಲಿ ಏನೋ ಅಲುಗಾಡಿತು. ಬೋರಲಿಂಗಯ್ಯ ಯಾರೂ ಎಬ್ಬಿಸದೆ ಎದ್ದ. ಗಡ್ಡ ಬೋಳಿಸಿಕೊಂಡ, ತಲೆಗೆ ಎಣ್ಣೆ ಇಟ್ಟ, ಒಗೆದ ಅಂಗಿ ಹಾಕಿದ. ಸೈಕಲ್ಲನ್ನು ಒರೆಸುತ್ತ ಗುನುಗಿಕೊಂಡ. ವಾರವಾರವೂ ಹೀಗೇ, ಇಸ್ಪೀಟು ಆಡಲು ಹೋಗುತ್ತೇನೆ ಎಂದು ಹೇಳಿ ಹೋಗುತ್ತಿದ್ದನಂತೆ. ಚೆನ್ನಾಜಮ್ಮ ಹೊಸಿಲಲ್ಲಿ ನಿಂತು ನೋಡಿದಳು. ಆಮೇಲೆ ಬಂದು ನನ್ನನ್ನು ಸೈಕಲ್ಲಿನ ಹ್ಯಾಂಡಲ್ಲಿಗೆ ಬಿಗಿಯಾಗಿ ಕಟ್ಟಿದಳು.

"ಏನಮ್ಮಿ ಇದು?"

"ಇಸ್ಕೂಲಿಂದು. ಮನೇಲಿರಾದಕ್ಕೆಲ್ಲ ಕಟ್ಬೇಕಂತೆ."

"ಸೈಕಲ್ಲು ಅಂತ ಬರ್ದಿದ್ದೀಯಾ?"

"ಹೂಂ," ಎಂದಳು ಅವಳು.

ಅವನಿಗೆ ಓದು ಬಾರದು. ಪೆಡಲು ತುಳಿದು ಹೊರಟ.

ನಾನು ಇಸ್ಪೀಟಿನ ಕಟ್ಟೆಯನ್ನು ನೋಡುವೆನೆಂದುಕೊಂಡಿದ್ದೆ. ಸೈಕಲ್ಲು ಊರು ದಾಟಿತು, ಕೆರೆ ಏರಿ ದಾಟಿತು, ಗಂಟೆಗೂ ಮೇಲೆ ಓಡಿ ಒಂದು ಹೆಂಚಿನ ಮನೆಯ ಮುಂದೆ ನಿಂತಿತು. ಒಂದು ವರ್ಷದ ಹೆಣ್ಣುಕೂಸು ಗೋಡೆ ಹಿಡಿದುಕೊಂಡು ತಟಪಟ ಬಂತು. ಬೋರಲಿಂಗಯ್ಯ ಅದನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಶುಕ್ರವಾರ ತಟ್ಟೆ ತಳ್ಳಿದ ಕೈ ಅದೇನಾ ಎಂದು ನಾನು ಕಣ್ಣು ಬಿಟ್ಟುಕೊಂಡು ನೋಡಿದೆ.

"ಬಾಪ್ಪ," ಎನ್ನುತ್ತ ಒಳಗಿನಿಂದ ಬಂದವಳು ಕೋಮಲ.

ಸತ್ತೋದ್ಲು ಎಂದಿದ್ದನಲ್ಲ, ಅವಳೇ.

ಅವಳ ಕಣ್ಣು ನನ್ನ ಮೇಲೆ ಬಿತ್ತು. ಓದಿದಳು. ತಿರುಗಿಸಿ ಹಿಂದಿನ ಹೆಸರನ್ನೂ ಓದಿದಳು. ನಿಂತಲ್ಲೇ ನಿಂತಳು. "ಅಪ್ಪ, ಇದು ಅವ್ವನ ಅಕ್ಸರವಾ? ಅವ್ವ ಬರೀತಾಳಾ?"

"ಯಾವುದೋ ಕ್ಲಾಸಿಗೆ ಹೋಯ್ತಾಳೆ."

"ನನ್ನ ಕೇಳ್ತಾಳಾ ಯಾವಾಗ್ಲಾದ್ರೂ?"

ಅವನು ಕೂಸನ್ನು ಕುಣಿಸುತ್ತಲೇ ಹೇಳಿದ, "ಎಲ್ ಕೇಳ್ತಾಳೆ ಮಗ. ನಿನ್ ಹೆಸ್ರೆತ್ತಿದ್ರೆ ಎದ್ದೋಯ್ತಾಳೆ. ನಿನ್ ಮಕ ನೋಡಲ್ಲ ಅಂದ್ಬುಟ್ಟವ್ಳೆ. ನಾನೂ ಹೇಳಿ ಹೇಳಿ ಸಾಕಾದೆ."

ನಾನು ರಟ್ಟು. ನನಗೆ ಬಾಯಿಲ್ಲ. ಇದ್ದಿದ್ದರೆ ಅವತ್ತು ಕಿರುಚಿಬಿಡುತ್ತಿದ್ದೆ. ತಂದೆತಾಯಿ ಇಬ್ಬರಲ್ಲಿ ಕಲ್ಲು ಯಾರು ಎಂಬುದನ್ನು ಆ ಮನುಷ್ಯ ತಿರುವುಮುರುವು ಮಾಡಿ ಹೇಳಿದ್ದ. ನೆಂಟರ ಮುಂದೆ ಆಡಿದ ಮಾತಿನಿಂದ ಹಿಂದೆ ಸರಿಯಲು ನಾಚಿಕೆ, ಕೂಸನ್ನು ನೋಡದೆ ಇರಲೂ ಆಗದು. ಎರಡನ್ನೂ ಉಳಿಸಿಕೊಳ್ಳಲು ಹೆಂಡತಿಯ ಹೆಸರನ್ನು ಕೆಡಿಸಿದ್ದ.

ಅವನು ಕೂಸನ್ನು ಎತ್ತಿಕೊಂಡು ಹಿತ್ತಲಿಗೆ ಹೋದ. ಕೋಮಲ ಪೆನ್ನು ತಂದು, ಸೈಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಬಿಡಿಸದೆಯೇ ನನ್ನ ಬೆನ್ನ ಮೇಲೆ ಬರೆದಳು. ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ, ಹೊಸದಾಗಿ ಓದುವವರಿಗೆಂದು ಬರೆದಳು.

ಮನೆಗೆ ಬಂದ ಮೇಲೆ ಎರಡು ದಿನ ನಾನು ಹ್ಯಾಂಡಲ್ಲಿನಲ್ಲಿ ನೇತಾಡಿದೆ. ನನ್ನ ಬೆನ್ನು ಕಂಬಿಗೆ ಒತ್ತಿಕೊಂಡಿತ್ತು. ಚೆನ್ನಾಜಮ್ಮ ಎದುರಿನಲ್ಲೇ ಓಡಾಡುತ್ತಿದ್ದಳು. ಒಂದು ಸಲ ತಿರುಗಿಸಮ್ಮ, ಒಂದೇ ಸಲ, ಎಂದು ನಾನು ಒಳಗೊಳಗೇ ಬೇಡುತ್ತಿದ್ದೆ.

ಬುಧವಾರ ಅವಳು ನನ್ನನ್ನು ಬಿಚ್ಚಿಕೊಂಡು ಹಾಗೇ ಕ್ಲಾಸಿಗೆ ತಂದಳು. ಜೈಬುನ್ ತನ್ನ 'ಸಂಭ್ರಮ'ವನ್ನು ನೀರು ಬರುವ ನಲ್ಲಿಗೆ ಕಟ್ಟಿದ್ದಳಂತೆ. "ಮೂರು ದಿನಕ್ಕೊಂದ್ಸಲ ಬಂದ್ರೂ ಬರುತ್ತಲ್ಲ," ಎಂದಳು. ಆಮೇಲೆ ಚೆನ್ನಾಜಮ್ಮನ ಸರದಿ.

"ನಮ್ಮನೇವ್ರ ಸೈಕಲ್ಲಿಗೆ ಕಟ್ಟಿದ್ದೆ," ಎನ್ನುತ್ತ ನನ್ನನ್ನು ಮೇಲೆತ್ತಿ ತೋರಿಸಿದಳು.

"ಹಿಂದೆ ಏನೋ ಬರ್ದೈತಲ್ಲ ಚೆನ್ನಕ್ಕ," ಎಂದಳು ಜೈಬುನ್.

ಮೇಡಂ ಹತ್ತಿರ ಬಂದು ನೋಡಿದರು. ಅವರ ಮುಖ ಬದಲಾಯಿತು. ಕೈ ಚಾಚಿ, "ಕೊಡಿ, ನಾನು ಆಮೇಲೆ ಓದಿ ಹೇಳ್ತೀನಿ," ಎಂದರು.

"ಬುಡಿ ಮೇಡಮ್ಮೋರೆ. ನನ್ ಹೆಸ್ರಿನ್ ಕೆಳಗೆ ಬರ್ದದೆ. ನಾನೇ ಓದ್ತೀನಿ."

ಅವಳಿಗೆ ಮನಸ್ಸಿನಲ್ಲಿ ಓದಿಕೊಳ್ಳಲು ಇನ್ನೂ ಬಾರದು. ಪಾಠ ಒಪ್ಪಿಸುವ ಹಾಗೆ ಗಟ್ಟಿಯಾಗಿ, ಅಕ್ಷರದ ಮೇಲೆ ಬೆರಳಿಟ್ಟು ಓದತೊಡಗಿದಳು. "ಅ... ವ್ವ. ನಾ... ನು. ಕೋ... ಮ... ಲ."

ಅವಳು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮುಂದಿನ ಅಕ್ಷರ ಓಡಿಹೋದೀತು ಎಂಬಂತೆ ಬೆರಳನ್ನು ಒತ್ತಿ ಹಿಡಿದಿದ್ದಳು. "ನನಗೆ ಹೆಣ್ಣು ಮಗು. ಅಪ್ಪ ಪ್ರತಿ ಭಾನುವಾರ ಬರುತ್ತಾರೆ. ನನ್ನ ಮುಖ ನೋಡಲ್ಲ ಅಂದೆಯಂತೆ. ನಿಜವಾ ಅವ್ವ?"

ಓದಿ ಮುಗಿದ ಮೇಲೇ ಅದರ ಅರ್ಥ ಅವಳನ್ನು ಮುಟ್ಟಿದ್ದು. ಅಳಲಿಲ್ಲ. ಮೊದಲಿನಿಂದ ಇನ್ನೊಂದು ಸಲ ಓದಿದಳು. ಆಮೇಲೆ ಜೈಬುನ್ ಕಡೆ ತಿರುಗಿ, "ನಾನು ಸರ್ಯಾಗೇ ಓದ್ದೆ ಅಲ್ವಾ?" ಎಂದು ಕೇಳಿದಳು. ಜೈಬುನ್ ಹೌದೆಂದು ತಲೆಯಾಡಿಸಿದಳು.

ಮುಂದಿನ ಭಾನುವಾರದವರೆಗೂ ಚೆನ್ನಾಜಮ್ಮ ನನ್ನನ್ನು ಸೆರಗಿನ ಗಂಟಿನಲ್ಲೇ ಬಚ್ಚಿಟ್ಟುಕೊಂಡಳು. ಅವತ್ತು ಬೋರಲಿಂಗಯ್ಯ ಸೈಕಲ್ಲನ್ನು ಅಂಗಳಕ್ಕೆ ಇಳಿಸಿದರೆ, ಅವಳು ಒಗೆದ ಸೀರೆಯುಟ್ಟು, ನನ್ನನ್ನು ಕೈಯಲ್ಲಿ ಹಿಡಿದು, ಹೋಗಿ ಕ್ಯಾರಿಯರ್ ಮೇಲೆ ಕೂತಳು.

"ಏನಿದು? ಇಸ್ಪೀಟಾಡೋ ಕಡೆ ಹೆಂಗಸ್ರು ಬತ್ತಾರಾ?"

"ತುಳೀರಿ," ಎಂದಳು. "ನನ್ ಮೊಮ್ಮಗೀನ ನೋಡ್ಬೇಕು."

ಸೈಕಲ್ಲು ಅವನ ಕೈಯಲ್ಲಿ ಓಲಾಡಿತು. ನೆಲಕ್ಕೆ ಕಾಲು ಕೊಟ್ಟು ಅದನ್ನು ನಿಲ್ಲಿಸಿಕೊಂಡ. ಹಿಂದಕ್ಕೆ ತಿರುಗಿ ನೋಡಲಿಲ್ಲ. ಆಮೇಲೆ ತುಳಿದ.

ಹೆಂಚಿನ ಮನೆಯ ಮುಂದೆ ತಾಯಿ ಮಗಳು ಎದುರುಬದುರು ನಿಂತರು. ಚೆನ್ನಾಜಮ್ಮ ಕೇಳಿದ್ದು ಒಂದೇ ಮಾತು. "ನಾನು ಹಂಗಂದೆ ಅಂದ್ರೆ ನೀನು ನಂಬ್ಬುಟ್ಟೆಯಾ ಮಗ?" ಕೋಮಲ ಮುಖ ಮುಚ್ಚಿಕೊಂಡಳು. ಚೆನ್ನಾಜಮ್ಮ ಅವಳ ಕೈಗಳನ್ನು ಮುಖದಿಂದ ಬಿಡಿಸಿ, ಆ ಮುಖವನ್ನು ನೋಡುತ್ತ ನಿಂತಳು.

ಈಗ ನಾನು ಮುದಿಯಾಗಿದ್ದೇನೆ. ಅಂಚು ಸವೆದಿದೆ, ಬಣ್ಣ ಮಾಸಿದೆ. ಕೋಮಲಳ ಮನೆಯ ಗೋಡೆಯಲ್ಲಿ ಒಂದು ಮೊಳೆಗೆ ತೂಗಿಕೊಂಡು ಕಾಲ ಕಳೆಯುತ್ತಿದ್ದೇನೆ. ಚೆನ್ನಾಜಮ್ಮ ವಾರವಾರವೂ ಬೋರ್ಡು ಓದಿಕೊಂಡು ಬಸ್ಸು ಹತ್ತಿ ಬರುತ್ತಾಳೆ. ಬೋರಲಿಂಗಯ್ಯ ಬೇರೆಯಾಗಿ ಸೈಕಲ್ಲಿನಲ್ಲಿ ಬರುತ್ತಾನೆ. ಅವಳು ಅವನನ್ನು ಕ್ಷಮಿಸಿದಳೋ ಇಲ್ಲವೋ ನಾನು ಹೇಳಲಾರೆ. ನನ್ನನ್ನು ಇವತ್ತಿಗೂ ಬೆಚ್ಚಿಬೀಳಿಸುವುದು ಅವನ ಸುಳ್ಳಲ್ಲ. ಆ ಬೆಳಗಿನ ಅವನ ಹುರುಪು ಅಪ್ಪಟ ನಿಜವಾಗಿತ್ತಲ್ಲ, ಅದು. ಅಷ್ಟು ಸಂತೋಷವನ್ನು ಒಬ್ಬನೇ ಉಂಡು, ಸಂಜೆ ಬಂದು ಹೆಂಡತಿಯ ಎದುರು ಸುಮ್ಮನೆ ಕೂರಲು ಮನುಷ್ಯನಿಗೆ ಆಗುತ್ತದೆಯೇ?

ಮೊನ್ನೆ ಮೊಮ್ಮಗಳು ನನ್ನ ಅಕ್ಷರಗಳನ್ನು ಕೂಡಿಸಿಕೊಂಡು ಓದಿದಳು. ಈ ವರ್ಷ ಶಾಲೆಗೆ ಸೇರಿದ್ದಾಳೆ. "ಅಜ್ಜಿ, ಹುರುಪು ಅಂದ್ರೇನು?"

ಚೆನ್ನಾಜಮ್ಮ ಸೊಪ್ಪು ಬಿಡಿಸುತ್ತಿದ್ದಳು. ತಲೆಯೆತ್ತಲಿಲ್ಲ. "ನಿಮ್ಮಜ್ಜನ್ನ ಕೇಳು. ಅವ್ರಿಗೆ ಚೆಂದಾಗ್ ಗೊತ್ತು."

ಮಗು ಅಲ್ಲೇ ಕೂತಿದ್ದ ಅಜ್ಜನ ಮಂಡಿಯ ಮೇಲೆ ಕೈಯಿಟ್ಟು, ಮುಖ ನೋಡುತ್ತ ನಿಂತಿತು. ಬೋರಲಿಂಗಯ್ಯ ಎದ್ದು ಅಂಗಳಕ್ಕೆ ಹೋಗಿ ಸೈಕಲ್ಲನ್ನು ಒರೆಸತೊಡಗಿದ. ಈ ಸಲ ಗುನುಗಲಿಲ್ಲ.