ಹೆಬ್ಬೆರಳು ಹೊರಗೆ

ಇಪ್ಪತ್ತೆರಡು ವರ್ಷ ಬಟ್ಟೆ ಕತ್ತರಿಸಿ ಪಳಗಿದ ಕೈ ಅದು. ಕೋಟು ಹೊಲಿಯುವ ಆ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಕತ್ತರಿಯಕ್ಕ ಎಂದೇ ಕರೆಯುತ್ತಿದ್ದರು. ಮೆಟ್ಟಿಲಲ್ಲಿ ಕಾಲು ಜಾರಿ ಹಣೆ ಬಡಿದದ್ದು, ಹೊಲಿಗೆ ಬಿದ್ದದ್ದು, ಗಾಯ ಮಾಗಿದ್ದು ಎಲ್ಲ ಒಂದು ತಿಂಗಳಲ್ಲಿ ಮುಗಿಯಿತು. ಆದರೆ ಅಂದಿನಿಂದ ಅವಳ ಕೈ ಮನಸ್ಸಿಗಿಂತ ಮುಂದೆ ಓಡತೊಡಗಿತು. ಸ್ವಿಚ್ ಕಂಡರೆ ಒತ್ತುವಳು. ಯಾರದೋ ಕನ್ನಡಕ ಮೇಜಿನ ಮೇಲಿದ್ದರೆ ಎತ್ತಿ ಹಾಕಿಕೊಳ್ಳುವಳು. ಬಾಯಿಯೂ ಹಾಗೆಯೇ. ಅತ್ತೆಯ ಗೆಳತಿ ಹೊಸ ಶಾಲು ತೋರಿಸಿದಾಗ, "ಕಾಲೊರೆಸೋ ಬಟ್ಟೆ ಥರ ಇದೆ" ಎಂದುಬಿಟ್ಟಳು. ಗೆಳತಿ ಮುಖ ಊದಿಸಿಕೊಂಡು ಹೋದಳು. ಅತ್ತೆ ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಅಂಗಡಿಯಲ್ಲಿ ಆದದ್ದು ನಗುವ ಸಂಗತಿಯಾಗಿರಲಿಲ್ಲ. ಕೆಲಸಕ್ಕೆ ಮರಳಿದ ಮೂರನೆಯ ದಿನ, ಮಡಿಚಲೆಂದು ಸೀಮೆಸುಣ್ಣದಲ್ಲಿ ಎಳೆದಿದ್ದ ಗೆರೆಯ ಮೇಲೆ ಅವಳ ಕತ್ತರಿ ಸರ್ರನೆ ಓಡಿತು. ಮಡಿಚುವ ಗೆರೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕತ್ತರಿಸಿದ್ದಳು.

"ಸ್ವಲ್ಪ ದಿನ ಗುಂಡಿ ಹೊಲೀತಾ ಇರಮ್ಮ" ಎಂದರು ಯಜಮಾನರು, ಅವಳ ಮುಖ ನೋಡದೆ.

"ಆರು ವಾರ ಟೈಮ್ ಕೊಡಿ. ಆಮೇಲೂ ಆಗ್ಲಿಲ್ಲ ಅಂದ್ರೆ ಗುಂಡಿನೇ ಹೊಲೀತೀನಿ."

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ತಮ್ಮ ಹಣೆ ಮುಟ್ಟಿ ತೋರಿಸಿದರು. "ನಿಮ್ಮ ಕೈ ಚೆನ್ನಾಗಿದೆ. ಏಟು ಬಿದ್ದಿರೋದು ಇಲ್ಲಿ, ಹಣೆ ಹಿಂದೆ. ಯಾವುದರ ಕಡೆ ಗಮನ ಕೊಡ್ಬೇಕು, ಯಾವುದನ್ನ ಬಿಡ್ಬೇಕು ಅಂತ ನೋಡ್ಕೊಳ್ಳೋ ಜಾಗ. ಹೊರಟ ಕೈಯನ್ನ ಬೇಡ ಅಂತ ಹಿಡಿಯೋದೂ ಅದೇ."

"ಸರಿ ಹೋಗುತ್ತಾ?"

"ಪೂರ್ತಿ ಸರಿ ಹೋಗುತ್ತೆ ಅಂತ ಮಾತು ಕೊಡಲಾರೆ. ಅಭ್ಯಾಸ ಮಾಡಿದಷ್ಟು ಸುಧಾರಿಸಬಹುದು."

ಅಭ್ಯಾಸಕ್ಕೆ ಅತ್ತೆಯೇ ಕೂತಳು. ದಿನಾ ಬೆಳಿಗ್ಗೆ ಹಳೆಯ ಪತ್ರಿಕೆ, ಕತ್ತರಿ, ಒಂದು ಚಮಚ. ಚಮಚದಿಂದ ಮೇಜಿಗೆ ಒಂದು ಸಲ ಕುಟ್ಟಿದರೆ ಕತ್ತರಿಸಬೇಕು, ಎರಡು ಸಲ ಕುಟ್ಟಿದರೆ ಕೈ ತಡೆಯಬೇಕು. ಮೊದಲ ದಿನ ಇಪ್ಪತ್ತು ಸಲ ತಡೆಯಬೇಕಿತ್ತು, ಹದಿನಾಲ್ಕು ಸಲ ಕತ್ತರಿಸಿದಳು. ಹದಿನಾಲ್ಕನೆಯದಕ್ಕೆ ಕತ್ತರಿಯನ್ನು ನೆಲಕ್ಕೆ ಕುಕ್ಕಿ ಅತ್ತಳು.

"ಇಷ್ಟು ವರ್ಷ ನಿಲ್ಲು ಅಂದ್ರೆ ನಿಂತಿದ್ದೀಯೇನೇ ನೀನು?" ಎಂದಳು ಅತ್ತೆ. "ಈಗ ಡಾಕ್ಟರೇ ನಂಗೆ ಅಧಿಕಾರ ಕೊಟ್ಟಿದ್ದಾರೆ. ಎತ್ತು ಕತ್ತರಿ."

ಅವಳು ಎತ್ತಿಕೊಂಡಳು.

ಎರಡನೆಯ ವಾರ ತನ್ನ ತಪ್ಪುಗಳನ್ನು ತಾನೇ ಗಮನಿಸತೊಡಗಿದಳು. ಹೆಬ್ಬೆರಳು ಕತ್ತರಿಯ ಉಂಗುರದೊಳಗೆ ಹೋಯಿತೆಂದರೆ ಮುಗಿಯಿತು, ಕೈ ಮಾತು ಕೇಳುವುದಿಲ್ಲ. ಹಾಗಾಗಿ ಹೆಬ್ಬೆರಳನ್ನು ಹೊರಗೇ ಇಟ್ಟುಕೊಂಡಳು. ಯಾವ ಗೆರೆ, ಎಲ್ಲಿಂದ, ಎಲ್ಲಿಯವರೆಗೆ ಎಂದು ಗಟ್ಟಿಯಾಗಿ ಹೇಳಿದ ಮೇಲೆಯೇ ಒಳಗೆ ಹಾಕುವಳು. ಮೊದಮೊದಲು ಹೇಳಿ ಮುಗಿಸುವಷ್ಟರಲ್ಲಿ ಮೈ ಬೆವರುತ್ತಿತ್ತು. ಅತ್ತೆಯೇನು ಸುಮ್ಮನಿರುವವಳೇ? ರೇಡಿಯೋ ಹಚ್ಚಿದಳು, ಪಾತ್ರೆ ಬೀಳಿಸಿದಳು, ಬೀದಿ ಕಡೆ ನೋಡಿ "ಅಯ್ಯೋ, ನೋಡೇ ಅಲ್ಲಿ!" ಎಂದು ಕೂಗಿದಳು. ಐದನೆಯ ವಾರದ ಹೊತ್ತಿಗೆ ಇಪ್ಪತ್ತರಲ್ಲಿ ತಪ್ಪು ಎರಡಕ್ಕೆ ಇಳಿಯಿತು. ಆರನೆಯ ವಾರವೂ ಎರಡೇ. ಅದಕ್ಕಿಂತ ಕೆಳಗೆ ಇಳಿಯಲೇ ಇಲ್ಲ.

ಹೇಳಿದ ದಿನ ಅಂಗಡಿಗೆ ಹೋದಳು. ಯಜಮಾನರು ಚೂರು ಬಟ್ಟೆ ಮುಂದಿಟ್ಟರು.

"ಇದು ಬೇಡ. ಹಾಳಾದ್ರೆ ನೋವಾಗೋ ಬಟ್ಟೆ ಕೊಡಿ."

ಅವರು ಚೂರು ಬಟ್ಟೆ ಸರಿಸಿ, ಗೆರೆ ಎಳೆದಿಟ್ಟಿದ್ದ ಗಿರಾಕಿಯೊಬ್ಬರ ಬೂದುಬಣ್ಣದ ಉಣ್ಣೆಬಟ್ಟೆ ಹಾಸಿದರು. ಹೊಲಿಗೆಯಂತ್ರಗಳೆಲ್ಲ ಒಂದೊಂದಾಗಿ ಸುಮ್ಮನಾದವು. ಅವಳು ಗೆರೆಯನ್ನು ಬಾಯಲ್ಲಿ ಹೇಳಿದಳು, "ಹೆಗಲಿಂದ ಕಂಕುಳವರೆಗೆ." ಹೆಬ್ಬೆರಳು ಒಳಗೆ ಹೋಯಿತು. ಕತ್ತರಿ ಗೇಣುದ್ದ ಸಲೀಸಾಗಿ ಓಡಿತು. ಅಷ್ಟರಲ್ಲಿ ಅಲಗಿಗೆ ಬಟ್ಟೆ ಒಂಚೂರು ದಪ್ಪವೆನಿಸಿತು. ಕೈಯೇನೋ ಓಡುವ ಭರದಲ್ಲಿತ್ತು. ಅವಳು ಹಲ್ಲು ಕಚ್ಚಿ ಅದನ್ನು ಹಿಡಿದಳು. ಅಲಗು ಅರ್ಧ ತೆರೆದಂತೆಯೇ ನಿಂತಿತು.

ಬಗ್ಗಿ ನೋಡಿದರೆ, ಅದೇ ಬಟ್ಟೆಯಲ್ಲಿ ಕೋಟಿನ ಬೆನ್ನಿಗೆಂದು ಬಿಟ್ಟಿದ್ದ ಭಾಗ ಮಡಿಕೆಯಾಗಿ ಕೆಳಗೆ ಸೇರಿಕೊಂಡಿತ್ತು. ಇನ್ನೊಂದು ಬೆರಳಷ್ಟು ಓಡಿದ್ದರೆ ಅದೂ ಸೀಳುತ್ತಿತ್ತು.

"ಇದನ್ನ ಹಾಸಿದೋರು ಯಾರು?" ಎಂದಳು.

"ನಾನೇ" ಎಂದರು ಯಜಮಾನರು ಸಣ್ಣ ದನಿಯಲ್ಲಿ. ಮೂಲೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಬಟ್ಟೆ ಸರಿಪಡಿಸಿ ಪೂರ್ತಿ ಕತ್ತರಿಸಿ ಕೊಟ್ಟಳು. ಯಜಮಾನರು ಅಂದೇ ಕತ್ತರಿಸುವ ಮೇಜನ್ನು ಅವಳಿಗೆ ಬಿಟ್ಟುಕೊಟ್ಟರು. ಆದರೆ ಕರಾರು ಹಾಕಿದವಳು ಅವಳು. "ಮಧ್ಯಾಹ್ನದವರೆಗೆ ಮಾತ್ರ ಕತ್ತರಿಸ್ತೀನಿ. ದಣಿದ ಮೇಲೆ ಈ ಕೈನ ನಂಬಕ್ಕಾಗಲ್ಲ. ಆಮೇಲೆ ಗುಂಡಿ ಕೊಡಿ."

"ಯಾವಾಗ ಪೂರ್ತಿ ದಿನ?"

"ಎರಡು ತಪ್ಪು ಒಂದಕ್ಕೆ ಇಳೀಲಿ, ನಾನೇ ಹೇಳ್ತೀನಿ" ಎಂದು ಅವಳು ಮುಂದಿನ ಬಟ್ಟೆ ಎಳೆದುಕೊಂಡು, ಅದರ ಪದರಗಳನ್ನು ಎಣಿಸತೊಡಗಿದಳು.