ದೋಣಿಯಲ್ಲೇ ಉಳಿದವಳು

ಚೆಂಡುಹೂವಿನ ವಾಸನೆ, ಕಿಟಕಿ ಎಳೆದರೂ ಬರುತ್ತದೆ, ಬಸ್ಸು ಗುಂಡ್ಲುಪೇಟೆ ಬಿಟ್ಟು ಹತ್ತು ನಿಮಿಷವಾಯಿತು, ಹೊಲದ ತುಂಬ ಹಳದಿ, ಕೇರಳದ ನಂಬರಿನ ಕಾರೊಂದು ನಿಂತಿದೆ, ಯಾರೋ ಹೊಸ ಜೋಡಿ ಹೂವಿನ ಸಾಲಿಗಿಳಿದು ಫೋಟೊ ತೆಗೆಸಿಕೊಳ್ಳುತ್ತಿದೆ, ತೆಗೆಸಿಕೊಳ್ಳಲಿ, ನಮ್ಮವೂ ಇವೆ ನೂರಾರು, ವಿಮಾನದಲ್ಲಿ, ಅಂಡಮಾನಿನ ಮರಳಿನಲ್ಲಿ, ಎಳನೀರು ಹಿಡಿದುಕೊಂಡು, ಎಲ್ಲವೂ ದೋಣಿ ಹತ್ತುವವರೆಗಿನವು, ಆಮೇಲಿನದು ಒಂದೂ ಇಲ್ಲ. ಪಕ್ಕದಲ್ಲಿ ಅಪ್ಪ ನನ್ನ ದೊಡ್ಡ ಬ್ಯಾಗನ್ನು ಮೊಣಕಾಲುಗಳ ನಡುವೆ ಅದುಮಿಕೊಂಡು ಮುಂದಿನ ಸೀಟಿನ ಹೆಂಗಸಿಗೆ ಹೇಳುತ್ತಿದ್ದಾನೆ, ಮಗಳ್ನ ಆಸಾಡಕ್ಕೆ ಕರ್ಕೊಂಡೋಯ್ತಾ ಇವ್ನಿ ಕಣವ್ವ, ಅಳಿಯಂದ್ರು ಅಂಡಮಾನ್‌ಗೆ ಕರ್ಕೊಂಡೋಗಿದ್ರು, ಅಲ್ಲಿ ಸಮುದ್ರದ ತಳಕ್ಕೇ ಇಳಿಸ್ತಾರಂತೆ, ಬೆನ್ನಿಗೆ ಸಿಲಿಂಡರ್ ಕಟ್ಟಿ — ಹೌದೇನವ್ವ, ಭಯ ಆಗ್ನಿಲ್ವ, ಆಕೆ ತಿರುಗಿ ನನ್ನನ್ನೇ ಕೇಳಿದಳು, ಇಲ್ಲ ಅಂದೆ, ಇಳಿಯಲೇ ಇಲ್ಲ ಎಂದು ಹೇಳಬೇಕಿತ್ತು, ಅಪ್ಪನಿಗೇ ಹೇಳಿಲ್ಲ, ಆಕೆಗೇನು ಹೇಳಲಿ. ಏನಮ್ಮಿ ಒಂದ್ ತಿಂಗಳ್ಗೆ ಇಷ್ಟು ಭಾರ, ಬಸ್ಸು ಹತ್ತುವಾಗ ಅಪ್ಪ ನಕ್ಕಿದ್ದ. ಅತ್ತೆ ಬೆಳಿಗ್ಗೆ ಬೀರು ತೆಗೆದು, ಎಲ್ಲಾನೂ ತಕ್ಕೊಂಡೋಗವ್ವ, ಇಲ್ಲಿ ಮಡಗುದ್ರೆ ಹುಳ ಹೊಡೀತದೆ ಅಂದರು, ಧಾರೆ ಸೀರೆಯನ್ನೂ ತಾವೇ ಮಡಿಸಿ ತಳದಲ್ಲಿಟ್ಟರು, ಆಷಾಢ ಕಳೆಯಲು ಧಾರೆ ಸೀರೆ ಯಾಕೆ ಎಂದು ನಾನು ಕೇಳಲಿಲ್ಲ, ಅವರು ನನ್ನ ಮುಖ ನೋಡಲಿಲ್ಲ, ಗೊತ್ತಾಯಿತು, ಅಂಡಮಾನಿನಿಂದ ಬಂದು ಹನ್ನೆರಡು ದಿನ ಬಾಯಿ ಬಿಡದ ನನ್ನ ಗಂಡ ಶರತ್ ನಿನ್ನೆ ತಮ್ಮ ಅಮ್ಮನಿಗೆ ಹೇಳಿಬಿಟ್ಟಿದ್ದಾರೆ. ಆಷಾಢ ಒಳ್ಳೆಯ ನೆಪ, ಹೊಸ ಸೊಸೆ ತವರಿಗೆ ಹೋದರೆ ಊರಿನವರು ಯಾರೂ ಯಾಕೆ ಅನ್ನುವುದಿಲ್ಲ, ವಾಪಸ್ ಕರೆಸಿಕೊಳ್ಳದಿದ್ದರೂ ಎರಡು ತಿಂಗಳು ಯಾರ ಗಮನಕ್ಕೂ ಬರುವುದಿಲ್ಲ.

ಫಿಟ್ಸ್, ಆ ಪದವನ್ನೇ ಹರದನಹಳ್ಳಿಯ ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ, ತಲೆಸುತ್ತು ಅನ್ನುತ್ತೇವೆ, ಪಿಯುಸಿಯಲ್ಲಿ ಮೊದಲ ಸಲ ಬಂದಾಗ ಅಮ್ಮ ನನ್ನ ಮುಷ್ಟಿಗೆ ಬೀಗದ ಕೈಗೊಂಚಲು ತುರುಕಿ ಅಳುತ್ತಾ ಕೂತಿದ್ದಳಂತೆ, ಆಮೇಲೆ ಮೈಸೂರಿನ ಡಾಕ್ಟರು, ಮಾತ್ರೆ, ಎರಡು ವರ್ಷದಿಂದ ಒಮ್ಮೆಯೂ ಬಂದಿಲ್ಲ. ಹೆಣ್ಣು ನೋಡಲು ಬರುವ ಹಿಂದಿನ ದಿನ ಅಪ್ಪ ಜಗಲಿಯಲ್ಲಿ ಕೂತು, ಈಗ ಬರ್ನಿಲ್ವಲ್ಲ, ಇನ್ಯಾಕೆ ಹೇಳದು, ಮಾತು ಆಚೆ ಹೋದ್ರೆ ನಿನ್ನ ಯಾರ್ ಮದ್ವೆ ಆದಾರು ಕಣಮ್ಮಿ ಅಂದ, ನಾನು ಹೂಂ ಅಂದೆ, ಬಲವಂತವೇನೂ ಇರಲಿಲ್ಲ, ಶರತ್ ಫೋಟೊ ನೋಡಿ ನನಗೂ ಆಸೆಯಾಗಿತ್ತು. ಮಾತ್ರೆಗಳನ್ನು ಕ್ಯಾಲ್ಸಿಯಂ ಡಬ್ಬಿಗೆ ಸುರಿದುಕೊಂಡೆ. ಆ ಮನುಷ್ಯ ದಿನವೂ ಅದಕ್ಕೆ ನೀರು ತಂದುಕೊಡುತ್ತಿದ್ದರು, ಕ್ಯಾಲ್ಸಿಯಂ ಆಯ್ತಾ ಭವ್ಯ, ವಿಮಾನದಲ್ಲೂ ನೆನಪಿಟ್ಟು ಕೇಳಿದರು, ಶ್ರಾವಣದಲ್ಲಿ ಚಾಮರಾಜನಗರದಲ್ಲೇ ಮನೆ ಮಾಡನ, ನಂಗೂ ಬದನಗುಪ್ಪೆ ಫ್ಯಾಕ್ಟ್ರಿ ಹತ್ರ, ನಿಂಗೂ ನಿಮ್ಮಮ್ಮ ಹತ್ರ — ಬರುವಾಗ ಅದೇ ವಿಮಾನ, ಅದೇ ಕಿಟಕಿ, ಮಾತ್ರೆಗೆ ನೀರು ನಾನೇ ಕೇಳಿ ತೆಗೆದುಕೊಂಡೆ. ದೋಣಿಯಲ್ಲಿ ಒಂದು ಹಾಳೆ, ಅಷ್ಟೇ, ನೀರಿಗಿಳಿಯುವ ಮುಂಚೆ ಎಲ್ಲರೂ ತುಂಬಬೇಕು, ಎದೆನೋವು ಇಲ್ಲ, ಉಬ್ಬಸ ಇಲ್ಲ, ಆಪರೇಷನ್ ಇಲ್ಲ, ಫಿಟ್ಸ್ — ಅಲ್ಲಿ ಪೆನ್ನು ನಿಂತಿತು, ಇಲ್ಲ ಅಂತ ಹಾಕಿದ್ದರೆ ಮುಗಿದಿತ್ತು, ಆದರೆ ನಮ್ಮನ್ನು ನೀರಿಗಿಳಿಸುವಾಕೆ ಹಿಂದಿಯಲ್ಲಿ ಹೇಳುತ್ತಿದ್ದಳು, ಕೆಳಗೆ ಫಿಟ್ಸ್ ಬಂದರೆ ಬಾಯಲ್ಲಿರುವ ನಳಿಕೆ ಕಳಚುತ್ತೆ, ಒದ್ದಾಟದಲ್ಲಿ ಪಕ್ಕದವರ ನಳಿಕೆಯನ್ನೂ ಕಿತ್ತುಬಿಡ್ತೀರಿ. ಪಕ್ಕದವರು ಅಂದರೆ ಶರತ್. ಸುಳ್ಳು ಹೇಳಿ ಮದುವೆಯಾದವಳಿಗೆ ಅಲ್ಲಿ ಕೈ ಬರಲಿಲ್ಲ, ಹೌದು ಅಂತ ಗುರುತು ಹಾಕಿದೆ, ಪ್ರೀತಿಗೇ ಹಾಕಿದೆ, ಇದನ್ನು ಯಾರು ನಂಬುತ್ತಾರೆ. ತಪ್ಪು ಹಾಕಿದೀಯ ನೋಡು, ಶರತ್ ನಗುತ್ತಲೇ ಹಾಳೆ ತೋರಿಸಿದರು. ತಪ್ಪಲ್ಲ ರೀ. ಯಾವಾಗಿಂದ. ಪಿಯುಸಿಯಿಂದ. ಹಂಗಾದ್ರೆ ಆ ಕ್ಯಾಲ್ಸಿಯಂ. ಹೂಂ. ಅಷ್ಟೇ, ಬೈಯಲಿಲ್ಲ, ಬೈದಿದ್ದರೆ ಕಾಲು ಹಿಡಿಯಬಹುದಿತ್ತು, ವಾಚು ಬಿಚ್ಚಿ ನನ್ನ ಮಡಿಲಲ್ಲಿಟ್ಟು ತಾವೊಬ್ಬರೇ ಇಳಿದರು, ಹೌದು ಅಂತ ಬರೆದ ನನ್ನನ್ನು ದೋಣಿಯವರು ಇಳಿಸಲಿಲ್ಲ.

ತೆರಕಣಾಂಬಿಯಲ್ಲಿ ಆ ಹೆಂಗಸು ಇಳಿದು ಎಷ್ಟೋ ಹೊತ್ತಾಯಿತು, ಚಾಮರಾಜನಗರ ಬಂದೇಬಿಟ್ಟಿತು, ಅಪ್ಪ ಬ್ಯಾಗನ್ನು ಸಂದಿಯಿಂದ ಎಳೆಯುತ್ತಾ ಕೇಳುತ್ತಿದ್ದಾನೆ, ಅಳಿಯಂದ್ರು ಯಾವತ್ ಬತ್ತಾರಂತಮ್ಮಿ ಕರ್ಕೊಂಡೋಗಕ್ಕೆ, ಶ್ರಾವಣದ ಮೊದ್ಲ ಸೋಮ್ವಾರ ಆದ್ರೆ ಒಬ್ಬಟ್ಟು ಮಾಡ್ಸನ — ಬರುವುದಿಲ್ಲ ಅಪ್ಪ, ಹೇಳಬೇಕು, ಸ್ಟ್ಯಾಂಡಿನಲ್ಲಿ ಇಳಿಯುವ ಮುಂಚೆ ಹೇಳಬೇಕು, ಬಾಯಿ ತೆರೆದರೆ ಕಣ್ಣ ಮುಂದೆ ಅದೇ, ದೋಣಿಯ ಪಕ್ಕದಲ್ಲಿ ನೀರಿನಿಂದ ಮೇಲೆದ್ದ ಅವರ ತಲೆ, ಮಾಸ್ಕು ಕಿತ್ತರು, ಹಣೆಯಿಂದ ಕೆನ್ನೆಯವರೆಗೂ ಕೆಂಪು ಗೆರೆ, ಎಲ್ಲ ಮರೆತು ಮಗುವಿನ ಹಾಗೆ ನಗುತ್ತಾ ನನ್ನನ್ನೇ ಹುಡುಕಿದರು, ಭವ್ಯ, ಆಮೆ ಕಣೆ, ಇಷ್ಟು ದೊಡ್ಡ ಆಮೆ, ನನ್ನ ಪಕ್ಕದಲ್ಲೇ ಹೋಯ್ತು, ನಾನೂ ನಕ್ಕೆ, ಎದ್ದು ಕೈ ಚಾಚಿದೆ, ಅಷ್ಟರಲ್ಲಿ ಅವರಿಗೆ ನೆನಪಾಯಿತು. ಕೆಂಪು ಗೆರೆಯೊಳಗೆ ಆ ನಗು, ಆಮೇಲೆ ನೆನಪಾಗುತ್ತದೆ, ಮತ್ತೆ ಆ ನಗು, ನನ್ನನ್ನು ಹುಡುಕುತ್ತದೆ, ಸಿಗುತ್ತೇನೆ, ನೆನಪಾಗುತ್ತದೆ, ಮತ್ತೆ ಆ ನಗು, ನೆನಪಾಗುತ್ತದೆ.